ನಮ್ಮೂರಿಗೆ ನಾವೇ ಪ್ರವಾಸಿಗರಾಗೋಣ: ಕರಾವಳಿಯಲ್ಲಿ ಮೂರು ದಿನ



ಕಳೆದ ಕ್ರಿಸ್ಮಸ್ ರಜೆಯಲ್ಲಿ ಗಲ್ಫ್‌ನಿಂದ ಊರಿಗೆ ಬಂದಿದ್ದ ಕುಟುಂಬವೊಂದು ನಮ್ಮನ್ನು ಭೇಟಿಯಾಗಲು ಬಂದಿತ್ತು. ಮಕ್ಕಳಿಬ್ಬರೂ ಅಲ್ಲಿಯೇ ಹುಟ್ಟಿ ಬೆಳೆದವರು. ಮಾತಿನ ನಡುವೆ ಹಿರಿಯ ಹುಡುಗಿ ಕೇಳಿದಳು: "ಫಾದರ್, ಇಲ್ಲಿ ನೋಡಲಿಕ್ಕೆ ಏನಿದೆ?" ತಂದೆ ಕೂಡಲೇ, "ಬೀಚ್ ಉಂಟು, ಮಾಲ್ ಉಂಟು" ಎಂದರು. ನಾವೂ ಒಂದೆರಡು ಹೆಸರು ಸೇರಿಸಿ ಸುಮ್ಮನಾದೆವು. ಅವರು ಹೋದ ಮೇಲೆ ಆ ಪ್ರಶ್ನೆ ಮನಸ್ಸಿನಲ್ಲಿಯೇ ಉಳಿಯಿತು. ನಮ್ಮ ಧರ್ಮಕೇಂದ್ರಗಳಿಂದ ವರ್ಷಕ್ಕೊಮ್ಮೆ ಬಸ್ಸು ಗೊತ್ತುಮಾಡಿ ವೇಳಾಂಕಣಿಗೆ, ಗೋವಾಕ್ಕೆ, ಊಟಿಗೆ ಹೋಗುತ್ತೇವೆ. ಆದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯೊಳಗೆ ಕಾಲಿಟ್ಟವರು ನಮ್ಮಲ್ಲಿ ಎಷ್ಟು ಮಂದಿ? ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಪ್ರವಾಸಕ್ಕೂ ಸಲ್ಲುತ್ತದೆ.

ಆದುದರಿಂದ ಈ ಬಾರಿ ನಮ್ಮದೇ ಕರಾವಳಿಯನ್ನು, ಅಂದರೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳನ್ನು, ಹೊರಗಿನಿಂದ ಬಂದ ಪ್ರವಾಸಿಗರ ಕಣ್ಣಿನಿಂದ ನೋಡುವ ಒಂದು ಪ್ರಯತ್ನ ಮಾಡಿದ್ದೇವೆ. ಎಲ್ಲಿಗೆ ಹೋಗಬೇಕು, ಏನು ನೋಡಬೇಕು, ಏನು ತಿನ್ನಬೇಕು, ಅಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕ್ರಮವಾಗಿ ವಿವರಿಸುತ್ತೇವೆ. ಯುವಜನರ ಘಟಕಗಳು, ಕ್ಯಾಟೆಕಿಸಂ ಶಿಕ್ಷಕರು, ವಾಳೆಯ ಗುರ್ಕಾರರು ತಮ್ಮ ಮುಂದಿನ ಪ್ರವಾಸಕ್ಕೆ ಇದನ್ನು ಉಪಯೋಗಿಸಿಕೊಂಡರೆ ನಮಗೆ ಸಂತೋಷ.

ಒಂದು ಊರು, ನಾಲ್ಕು ಹೆಸರು

ಹೊರಡುವ ಮೊದಲು ಮಕ್ಕಳಿಗೆ ಒಂದು ವಿಷಯ ಹೇಳಿಕೊಡಿ. ಮಂಗಳೂರಿಗೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿ ಭಾಷೆಯಲ್ಲಿ ಮೈಕಾಲ ಎಂಬ ಹೆಸರುಗಳಿವೆ. ಒಂದೇ ಊರನ್ನು ನಾಲ್ಕು ಹೆಸರಿನಿಂದ ಕರೆಯುವ ಜನರು ಒಂದೇ ಮಾರ್ಕೆಟ್ಟಿನಲ್ಲಿ ಒಂದೇ ಬುಟ್ಟಿಯ ಮೀನಿಗೆ ಚೌಕಾಸಿ ಮಾಡುತ್ತಾರೆ. ಇದರ ಜೊತೆಗೆ ಕುಂದಾಪುರದ ಕನ್ನಡ, ಹವ್ಯಕರ ಕನ್ನಡ, ಸುಳ್ಯದ ಕಡೆಯ ಅರೆಭಾಷೆ, ಉರ್ದು, ಗಡಿಯಲ್ಲಿ ಮಲಯಾಳ. ಬಸ್ಸಿನ ಕಂಡಕ್ಟರ್ ಒಂದೇ ಟ್ರಿಪ್ಪಿನಲ್ಲಿ ಮೂರು ಭಾಷೆಯಲ್ಲಿ ಚಿಲ್ಲರೆ ಕೇಳುವುದು ನಮಗೆ ವಿಶೇಷವೆನಿಸುವುದಿಲ್ಲ. ಹೊರಗಿನಿಂದ ಬಂದವರು ಅದನ್ನು ಆಶ್ಚರ್ಯದಿಂದ ನೋಡುತ್ತಾರೆ.

ಈ ವೈವಿಧ್ಯಕ್ಕೆ ಕಾರಣ ಸಮುದ್ರ. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಕಡಲು, ನಡುವೆ ನೇತ್ರಾವತಿ, ಗುರುಪುರ, ಸ್ವರ್ಣಾ, ಸೀತಾ ಮೊದಲಾದ ನದಿಗಳು. ಘಟ್ಟದ ಮೇಲಿನ ಕಾಳುಮೆಣಸು ಮತ್ತು ಬಯಲಿನ ಅಕ್ಕಿ ನದಿಯ ದಾರಿಯಲ್ಲಿ ಬಂದರಿಗೆ ಇಳಿಯುತ್ತಿದ್ದವು. ಅವುಗಳನ್ನು ಕೊಳ್ಳಲು ಮೊದಲು ಅರಬರು, ಆಮೇಲೆ ಪೋರ್ಚುಗೀಸರು, ಇಂಗ್ಲಿಷರು ಬಂದರು. ನಮ್ಮ ಕೊಂಕಣಿ ಕ್ರೈಸ್ತರ ಪೂರ್ವಜರು ಗೋವಾದಿಂದ ಒಮ್ಮೆಲೇ ಬಂದವರಲ್ಲ. ಬರ, ರೋಗರುಜಿನ, ಇನ್ಕ್ವಿಜಿಷನ್‌ನ ಕಾಟ, 1683ರ ಮರಾಠರ ದಾಳಿ ಹೀಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಾರಣಗಳಿಂದ ತಂಡ ತಂಡವಾಗಿ ದಕ್ಷಿಣಕ್ಕೆ ನಡೆದು ಬಂದರು. ಆಗ ಈ ನಾಡನ್ನು ಆಳುತ್ತಿದ್ದ ಕೆಳದಿಯ ನಾಯಕರಿಗೆ ಒಳ್ಳೆಯ ಬೇಸಾಯಗಾರರು ಬೇಕಿತ್ತು. ಬಂದವರಿಗೆ ಭೂಮಿ ಬೇಕಿತ್ತು. ಹೀಗೆ ಆರಂಭವಾದದ್ದು ಇಲ್ಲಿನ ನಮ್ಮ ಬದುಕು.

ಮೊದಲ ದಿನ: ಮಂಗಳೂರು

ಬೆಳಿಗ್ಗೆ ಕದ್ರಿಯಿಂದ ಆರಂಭಿಸಿ. ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ಕ್ರಿ.ಶ. 968ರಲ್ಲಿ ಆಳುಪ ಅರಸ ಕುಂದವರ್ಮ ಪ್ರತಿಷ್ಠಾಪಿಸಿದನೆಂದು ಅದರ ಪೀಠದ ಶಾಸನ ತಿಳಿಸುತ್ತದೆ. ಇದು ಬೌದ್ಧರ ಅವಲೋಕಿತೇಶ್ವರನ ರೂಪವೆಂದು ವಿದ್ವಾಂಸರು ಗುರುತಿಸಿದ್ದಾರೆ. ಇದೇ ಗುಡ್ಡದಲ್ಲಿ ನಾಥಪಂಥದ ಜೋಗಿ ಮಠವೂ ಇದೆ. ಬೌದ್ಧ, ನಾಥ, ಶೈವ ಪರಂಪರೆಗಳು ಒಂದೇ ಗುಡ್ಡದ ಮೇಲೆ ಸಾವಿರ ವರ್ಷಗಳಿಂದ ಒಂದರ ಪಕ್ಕ ಒಂದು ಬಾಳಿವೆ.

ಅಲ್ಲಿಂದ ಲೈಟ್‌ಹೌಸ್ ಹಿಲ್‌ಗೆ ಬಂದರೆ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಪ್ರಾರ್ಥನಾಲಯ. 1880ರಲ್ಲಿ ಆರಂಭವಾದ ಈ ಕಾಲೇಜು 2024ರಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯವಾಯಿತು. ಇಟಲಿಯ ಬೆರ್ಗಮೊ ಕಡೆಯ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ದುಡಿದು ಇಲ್ಲಿನ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿಸಿದರು. ಗೋಡೆಯ ಚಿತ್ರಗಳು ಫ್ರೆಸ್ಕೊ, ಅಂದರೆ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗಿದರೆ ಕೆಲಸ ಕೆಟ್ಟಿತು. ಛಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣ. ನಮ್ಮ ಸೆಕೆ, ನಮ್ಮ ಮಳೆಗಾಲದ ತೇವದಲ್ಲಿ ಆ ಮನುಷ್ಯ ಹೇಗೆ ಕೆಲಸ ಮಾಡಿರಬಹುದು ಎಂದು ಮಕ್ಕಳಿಗೆ ಯೋಚಿಸಲು ಬಿಡಿ. 1905ರಲ್ಲಿ ಕೊಚ್ಚಿಯಲ್ಲಿ ಅವರು ತೀರಿಕೊಂಡರು. ಊರಿಗೆ ಹಿಂದಿರುಗಲೇ ಇಲ್ಲ.

ಬಲ್ಮಠದ ಕಡೆಗೆ ಹೋದರೆ ಬಾಸೆಲ್ ಮಿಷನ್ನಿನ ನೆನಪುಗಳು. ಸ್ವಿಟ್ಜರ್ಲೆಂಡಿನ ಈ ಪ್ರೊಟೆಸ್ಟೆಂಟ್ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ್ದು ಇಲ್ಲಿಯೇ. ಇಂದಿಗೂ ಜುಲೈ 1 ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ. ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಇಲ್ಲಿನ ಮುದ್ರಣಾಲಯದಿಂದಲೇ ಹೊರಬಂತು. 1865ರಲ್ಲಿ ಜೆಪ್ಪುವಿನಲ್ಲಿ ಇದೇ ಮಿಷನ್ನಿನ ಪ್ಲೆಬ್‌ಸ್ಟ್ ಅವರು ಹಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ಸುಟ್ಟು ಮಾಡಿದ ಕೆಂಪು ಮಂಗಳೂರು ಹಂಚು ಹಡಗು ಹತ್ತಿ ದೂರದ ದೇಶಗಳನ್ನು ತಲುಪಿತು. ನಮ್ಮ ಎಷ್ಟೋ ಅಜ್ಜ-ಅಜ್ಜಿಯರು ಈ ಹಂಚಿನ ಕಾರ್ಖಾನೆಗಳಲ್ಲಿ ದುಡಿದು ಮಕ್ಕಳನ್ನು ಓದಿಸಿದವರು. ಈಗ ಹೆಚ್ಚಿನವು ಮುಚ್ಚಿವೆ. ನಿಮ್ಮ ವಾಳೆಯಲ್ಲಿ ಅಲ್ಲಿ ದುಡಿದ ಹಿರಿಯರು ಯಾರಾದರೂ ಇದ್ದರೆ ಪ್ರವಾಸಕ್ಕೆ ಕರೆದುಕೊಂಡು ಹೋಗಿ. ಅವರಿಗಿಂತ ಒಳ್ಳೆಯ ಗೈಡ್ ಸಿಗಲಾರರು.

ಮಧ್ಯಾಹ್ನದ ಮೇಲೆ ಬಂದರು ಪ್ರದೇಶ. ಇಲ್ಲಿನ ಝೀನತ್ ಬಕ್ಷ್ ಜುಮಾ ಮಸೀದಿ ದೇಶದ ಅತಿ ಪುರಾತನ ಮಸೀದಿಗಳಲ್ಲಿ ಒಂದು ಎಂಬ ನಂಬಿಕೆ ಇದೆ. ಅರಬ್ ವ್ಯಾಪಾರಿಗಳೊಡನೆ ಬಂದ ಮಾಲಿಕ್ ದೀನಾರ್ ಬಳಗದವರು ಇದನ್ನು ಕಟ್ಟಿದರೆಂದು ಪ್ರತೀತಿ. ಒಳಗಿನ ಮರದ ಕಂಬಗಳ ಕೆತ್ತನೆ ನೋಡಿದರೆ ನಮ್ಮ ಗುತ್ತಿನ ಮನೆಗಳ ಚಾವಡಿಯ ನೆನಪಾಗುತ್ತದೆ. ಕೆತ್ತಿದ ಆಚಾರಿಗಳ ಕೈ ಒಂದೇ ಅಲ್ಲವೇ! ಸಮೀಪದ ರೊಸಾರಿಯೊ ಕ್ಯಾಥೆಡ್ರಲ್‌ನ ಮೂಲ 1568ರ ಪೋರ್ಚುಗೀಸ್ ಇಗರ್ಜಿ. ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ ಮೊದಲು ಸ್ಥಾಪನೆಯಾದದ್ದು 1680ರಲ್ಲಿ, ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯ ಕಾಲದಲ್ಲಿ.

ಸಂಜೆಗೆ ಬೋಳೂರಿನ ಸುಲ್ತಾನ್ ಬತ್ತೇರಿ. ಗುರುಪುರ ನದಿಗೆ ಶತ್ರುಗಳ ಹಡಗು ನುಗ್ಗದಂತೆ ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ಕಾವಲು ಗೋಪುರ ಇದು. ಇಲ್ಲಿ ಸೆಲ್ಫಿ ತೆಗೆದು ಹಿಂದಿರುಗುವ ನಮ್ಮ ಯುವಜನರಲ್ಲಿ ಅನೇಕರಿಗೆ ಅದೇ 1784 ನಮ್ಮ ಜನರ ಪಾಲಿಗೆ ಯಾವ ವರ್ಷವೆಂದು ಗೊತ್ತಿಲ್ಲ. ಎರಡನೆಯ ಆಂಗ್ಲ-ಮೈಸೂರು ಯುದ್ಧದಲ್ಲಿ ಇಲ್ಲಿನ ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪದಲ್ಲಿ, ಆ ವರ್ಷದ ವಿಭೂತಿ ಬುಧವಾರ, ಅವರನ್ನು ಬಂಧಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಸುಮಾರು 60 ಸಾವಿರ ಎಂಬುದು ಹೆಚ್ಚಾಗಿ ಹೇಳುವ ಸಂಖ್ಯೆ. ಅದಕ್ಕಿಂತ ಬಹಳ ಕಡಿಮೆ ಎಂದು ಲೆಕ್ಕ ಹಾಕಿದವರೂ ಇದ್ದಾರೆ. ಮಿಲಾಗ್ರಿಸ್ ಸೇರಿದಂತೆ ಇಗರ್ಜಿಗಳನ್ನು ಕೆಡವಲಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕುಳಿದವರು ಹಿಂದಿರುಗಿ ಬರಿಗೈಯಲ್ಲಿ ಮತ್ತೆ ಬೇಸಾಯ ಆರಂಭಿಸಿದರು. ಈ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕಥೆ ಹೇಳಿದಂತಾಗುತ್ತದೆ. ಉಳಿದ ಅರ್ಧ ಮೂಡುಬಿದಿರೆಯಲ್ಲಿದೆ.

ಎರಡನೆಯ ದಿನ: ಮೂಡುಬಿದಿರೆ, ಕಾರ್ಕಳ, ಅತ್ತೂರು

ಮಂಗಳೂರಿನಿಂದ ಮೂಡುಬಿದಿರೆಗೆ ಸುಮಾರು 35 ಕಿಲೋಮೀಟರ್. ಜೈನಕಾಶಿ ಎಂದು ಕರೆಯುವ ಈ ಪುಟ್ಟ ಪೇಟೆಯಲ್ಲಿ ಹದಿನೆಂಟು ಬಸದಿಗಳಿವೆ. 1430ರಲ್ಲಿ ಕಟ್ಟಿದ ತ್ರಿಭುವನ ತಿಲಕ ಚೂಡಾಮಣಿ ಬಸದಿಯೇ ಜನರ ಬಾಯಲ್ಲಿ ಸಾವಿರ ಕಂಬದ ಬಸದಿ. ಒಂದು ಕಂಬದಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಮಕ್ಕಳನ್ನು ಎರಡು ಗುಂಪು ಮಾಡಿ ಹುಡುಕಲು ಬಿಟ್ಟರೆ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಮಳೆಯ ನಾಡಿಗೆ ತಕ್ಕಂತೆ ಇಳಿಜಾರಾದ ಮಾಡುಗಳು ಒಂದರ ಮೇಲೊಂದು ಇರುವುದನ್ನು ಗಮನಿಸಿ. ಬೇಲೂರು, ಹಳೇಬೀಡುಗಳಲ್ಲಿ ಈ ಮಾಡು ಕಾಣುವುದಿಲ್ಲ. ಇಲ್ಲಿನ ಗುರು ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದರು. ಬೇರೆಡೆ ಕಳೆದುಹೋದದ್ದು ಇಲ್ಲಿ ಉಳಿಯಿತು.

ಇನ್ನು ಚೌಟರ ಅರಮನೆ. ಮರದ ಕಂಬದ ಮೇಲೆ ಒಂಬತ್ತು ಸ್ತ್ರೀಯರು ಸೇರಿ ಆನೆಯಾದ 'ನವನಾರಿ ಕುಂಜರ', ಐವರು ಸೇರಿ ಕುದುರೆಯಾದ 'ಪಂಚನಾರಿ ತುರಗ' ಎಂಬ ಕೆತ್ತನೆಗಳಿಗೆ ಇದು ಪ್ರಸಿದ್ಧ. 16ನೇ ಶತಮಾನದಲ್ಲಿ ಪೋರ್ಚುಗೀಸರ ವಿರುದ್ಧ ಹೋರಾಡಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟ ವಂಶದವಳು. ಈಗ ಹಿಂದಿನ ದಿನದ ಅರ್ಧ ಕಥೆಗೆ ಬರೋಣ. 1784ರಲ್ಲಿ ಇಗರ್ಜಿಗಳು ಒಂದೊಂದಾಗಿ ಉರುಳುತ್ತಿದ್ದಾಗ ಮೂಡುಬಿದಿರೆಯ ಹೊಸಬೆಟ್ಟು ಇಗರ್ಜಿ ಉಳಿಯಿತು. ಅದನ್ನು ಉಳಿಸಿದ್ದು ಮೂಡುಬಿದಿರೆಯ ಚೌಟ ಅರಸನ ಮಧ್ಯಸ್ಥಿಕೆ ಎಂದು ನಮ್ಮವರ ಇತಿಹಾಸ ನೆನೆಯುತ್ತದೆ. ಪೋರ್ಚುಗೀಸರೊಡನೆ ಕಾದಾಡಿದ ಮನೆತನದ ಜೈನ ಅರಸನೊಬ್ಬ, ಪೋರ್ಚುಗೀಸರ ಧರ್ಮವೆಂದು ಜರೆಯಬಹುದಾಗಿದ್ದ ಜನರ ಪ್ರಾರ್ಥನಾಲಯವನ್ನು ಉಳಿಸಿದ. ಆತನಿಗೆ ಅವರು ಪರಕೀಯರಾಗಿರಲಿಲ್ಲ. ತನ್ನ ಗದ್ದೆಯಲ್ಲಿ ದುಡಿಯುವ, ತನ್ನ ಸಂತೆಗೆ ಬರುವ ತನ್ನ ಜನರಾಗಿದ್ದರು. ಅರಮನೆಯ ಮುಂದೆ ನಿಂತು ಈ ಮಾತು ಹೇಳದೆ ಬಸ್ಸು ಹತ್ತಬೇಡಿ.

ಮೂಡುಬಿದಿರೆಯಿಂದ ಸುಮಾರು 18 ಕಿಲೋಮೀಟರ್ ಮುಂದೆ ಕಾರ್ಕಳ. ಬಂಡೆಯ ಬೆಟ್ಟದ ಮೇಲೆ 42 ಅಡಿ ಎತ್ತರದ ಗೊಮ್ಮಟನನ್ನು 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ. ಇಡೀ ವಿಗ್ರಹ ಒಂದೇ ಕಲ್ಲು. ಎದುರಿನ ಚಿಕ್ಕ ಗುಡ್ಡದ ಮೇಲೆ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿನಿಂದಲೂ ಒಂದೇ ರೂಪ, ನಾಲ್ಕೂ ಕಡೆ ಬಾಗಿಲು. ಸಮಯವಿದ್ದರೆ ವೇಣೂರಿಗೂ ಹೋಗಬಹುದು. ಅಲ್ಲಿನ ಗೊಮ್ಮಟ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು. ಎಲ್ಲವನ್ನೂ ಗೆದ್ದ ಮೇಲೆ ಎಲ್ಲವನ್ನೂ ಬಿಟ್ಟ ಬಾಹುಬಲಿಯ ಕಥೆಯನ್ನು ಮೆಟ್ಟಿಲು ಹತ್ತುವ ಮೊದಲೇ ಮಕ್ಕಳಿಗೆ ಹೇಳಿ. ಇಲ್ಲದಿದ್ದರೆ ಅವರಿಗೆ ಬಟ್ಟೆಯಿಲ್ಲದ ದೊಡ್ಡ ವಿಗ್ರಹವೊಂದು ಕಾಣುತ್ತದೆಯೇ ಹೊರತು ತ್ಯಾಗ ಕಾಣುವುದಿಲ್ಲ.

ದಿನದ ಕೊನೆಗೆ ಕಾರ್ಕಳದ ಬಳಿಯ ಅತ್ತೂರು ಸಂತ ಲಾರೆನ್ಸರ ಪುಣ್ಯಕ್ಷೇತ್ರ. 2016ರಲ್ಲಿ ಇದು ಕಿರಿಯ ಬಸಿಲಿಕವಾಯಿತು. ಜನವರಿಯ ಜಾತ್ರೆಗೆ ಬರುವ ಜನರಲ್ಲಿ ಹಿಂದೂ ಬಾಂಧವರ ಸಂಖ್ಯೆ ದೊಡ್ಡದು. ಮೊಂಬತ್ತಿ ಹಿಡಿದು ಸರತಿಯಲ್ಲಿ ನಿಂತವರ ಜಾತಿ, ಧರ್ಮ ಯಾರೂ ಕೇಳುವುದಿಲ್ಲ.

ಮೂರನೆಯ ದಿನ: ಮೂಲ್ಕಿಯಿಂದ ಮಲ್ಪೆಗೆ

ರಾಷ್ಟ್ರೀಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ದೋಣಿ ಇಲ್ಲಿ ನಿಂತುಹೋಯಿತು, ದೇವಿ ಆತನಿಗೆ ಕನಸಿನಲ್ಲಿ ಕಾಣಿಸಿಕೊಂಡಳು, ಆತನೇ ಗುಡಿ ಕಟ್ಟಿಸಿದ ಎಂಬುದು ಸ್ಥಳಪುರಾಣ. ಊರಿನ ಹೆಸರಿನಲ್ಲಿಯೇ ಆತ ಉಳಿದಿದ್ದಾನೆ.

ಮುಂದೆ ಕಾಪುವಿನ ದೀಪಸ್ತಂಭ. 1901ರಲ್ಲಿ ಕಟ್ಟಿದ್ದು. ಅಲ್ಲಿಂದ ಒಳದಾರಿಯಲ್ಲಿ ಶಂಕರಪುರ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆಯ ತವರು ಇದು. ಇಲ್ಲಿನ ಅನೇಕ ಕ್ರೈಸ್ತ ಕುಟುಂಬಗಳು ಮಲ್ಲಿಗೆ ಕೃಷಿಯಿಂದಲೇ ಬದುಕು ಕಟ್ಟಿಕೊಂಡಿವೆ. ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬೆಳಗಿನ ಹೊತ್ತಿಗೇ ಕಟ್ಟೆಗೆ ತಲುಪಿಸಬೇಕು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೂ ಬದಲಾಗುತ್ತದೆ. ಕ್ರೈಸ್ತ ಗೃಹಿಣಿ ಕಟ್ಟಿದ ಹೂವು ದೇವಸ್ಥಾನದ ಅಲಂಕಾರಕ್ಕೆ, ಭೂತದ ಮುಡಿಗೆ, ಮದುಮಗಳ ಜಡೆಗೆ ಹೋಗುತ್ತದೆ. ಸಾಧ್ಯವಾದರೆ ಮೊದಲೇ ತಿಳಿಸಿ ಒಂದು ಮನೆಯ ತೋಟ ನೋಡಿ. ಪಕ್ಕದ ಮಟ್ಟು ಗ್ರಾಮದ ಗುಳ್ಳಕ್ಕೂ ಇಂಥದೇ ಮಾನ್ಯತೆ ಇದೆ. ಈ ಬದನೆಯ ಬೀಜವನ್ನು ವಾದಿರಾಜ ಸ್ವಾಮಿಗಳು ಕೊಟ್ಟರೆಂದು ಊರವರು ನಂಬುತ್ತಾರೆ.

ಉಡುಪಿಯಲ್ಲಿ ರಥಬೀದಿಯನ್ನು ಒಂದು ಸುತ್ತು ನಿಧಾನವಾಗಿ ನಡೆಯಿರಿ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠಾಪಿಸಿದ ಕೃಷ್ಣ, ಸುತ್ತ ಎಂಟು ಮಠಗಳು. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಪರ್ಯಾಯ. ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಗುಡಿಯೊಳಗೆ ಪ್ರವೇಶ ಸಿಗದ ಕನಕದಾಸರಿಗಾಗಿ ಕೃಷ್ಣ ತಿರುಗಿ ನಿಂತನೆಂದು ಹೇಳುವ ಕನಕನ ಕಿಂಡಿ ಇಲ್ಲಿದೆ. ಬಾಗಿಲ ಹೊರಗೆ ನಿಂತವನ ಭಕ್ತಿಯ ಕಥೆ ಇದು. ನಮ್ಮ ಇಗರ್ಜಿಗಳಲ್ಲಿಯೂ ಒಂದು ಕಾಲದಲ್ಲಿ ಯಾರು ಮುಂದೆ, ಯಾರು ಹಿಂದೆ ಕುಳಿತುಕೊಳ್ಳಬೇಕೆಂಬ ಲೆಕ್ಕವಿತ್ತು ಎಂಬುದನ್ನು ನಾವು ಮರೆಯಬಾರದು.

ಕೊನೆಗೆ ಮಲ್ಪೆ. ಬಂದರಿನಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ಇಳಿದು ಮರಿಯಮ್ಮನವರ ಹೆಸರಿಟ್ಟನೆಂದು ಪ್ರತೀತಿ. ಆದರೆ ಈ ದ್ವೀಪದ ನಿಜವಾದ ವಿಸ್ಮಯ ಆತನಿಗಿಂತ ಬಹಳ ಹಳೆಯದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಹೊರಬಂದ ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟು ಉದ್ದುದ್ದ ಕಂಬಗಳಾಯಿತು. ಕೆಸರು ಗದ್ದೆ ಒಣಗಿ ಬಿರಿಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ದೇಶದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಇದೂ ಒಂದು. ಕಲ್ಲುಗಳ ಮೇಲೆ ಹೆಸರು ಕೆತ್ತುವುದು, ಚಿಪ್ಸ್ ಪ್ಯಾಕೆಟ್ ಎಸೆಯುವುದು ದಯವಿಟ್ಟು ಬೇಡ.

ತಟ್ಟೆಯಲ್ಲಿರುವ ಇತಿಹಾಸ

ನೋಡಿದಷ್ಟೇ ಮುಖ್ಯ ತಿನ್ನುವುದು. ನಮ್ಮ ಕರಾವಳಿಯ ಅಡುಗೆಗೆ ಮೂರು ಆಧಾರ: ಅಕ್ಕಿ, ತೆಂಗು, ಮೀನು. ಈ ಮೂರರಿಂದ ಒಂದೊಂದು ಸಮುದಾಯ ಒಂದೊಂದು ರುಚಿ ಮಾಡಿತು. ಅಕ್ಕಿಯನ್ನೇ ನೋಡಿ. ನೀರಾಗಿ ಅರೆದು ಹೊಯ್ದರೆ ನೀರುದೋಸೆ. ತೆಳ್ಳಗೆ ಹರಡಿ ಗರಿಗರಿಯಾಗಿ ಒಣಗಿಸಿದರೆ ರೊಟ್ಟಿ. ಅದರ ಮೇಲೆ ಕೋಳಿ ಸಾರು ಸುರಿದರೆ ಬಂಟರ ಮನೆಯ ಕೋರಿ ರೊಟ್ಟಿ. ಕಳ್ಳು ಹಾಕಿ ಹುಳಿ ಬರಿಸಿ ಬೇಯಿಸಿದರೆ ನಮ್ಮ ಸಾನ್ನಾ. ಈಗ ಕಳ್ಳಿನ ಬದಲು ಯೀಸ್ಟ್ ಹಾಕುವವರೇ ಹೆಚ್ಚು. ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸಿದರೆ ಪತ್ರೊಡೆ. ಅರಶಿನದ ಎಲೆಯಲ್ಲಿ ಬೆಲ್ಲ, ಕಾಯಿ ಇಟ್ಟು ಮಡಿಸಿದರೆ ಗಟ್ಟಿ. ಏನೂ ಇಲ್ಲದ ದಿನ ಕುಚ್ಚಲಕ್ಕಿ ಗಂಜಿ, ಒಣಮೀನು ಚಟ್ನಿ. ಬಡವ, ಧನಿಕ ಎಲ್ಲರೂ ಜ್ವರ ಬಂದಾಗ ಹಿಂದಿರುಗುವುದು ಈ ಗಂಜಿಗೇ.

ಉಡುಪಿಯ ಮಠದ ಊಟದಲ್ಲಿ ನೀರುಳ್ಳಿ, ಬೆಳ್ಳುಳ್ಳಿ ಇಲ್ಲ. ಆದರೂ ಸಾರು, ಕೋಸಂಬರಿ, ಮೆಣಸ್ಕಾಯಿ ಬಡಿಸಿದರೆ ಅವುಗಳ ಕೊರತೆ ತಿಳಿಯುವುದಿಲ್ಲ. ಬ್ಯಾರಿಗಳ ಮನೆಯ ಬಿರಿಯಾನಿ, ಕುಂದಾಪುರದ ಕೋಳಿ ಗೀರೋಸ್ಟ್, ಜಿ.ಎಸ್.ಬಿ. ಮನೆಗಳ ದಾಳಿತೋವೆ, ನಮ್ಮ ಹಬ್ಬದ ದುಕ್ರಾಮಾಸ್, ಕಾಣೆ ಫ್ರೈ, ಮರುವಾಯಿ ಸುಕ್ಕ, ಸಂಜೆಗೆ ಗೋಳಿಬಜೆ: ಪಟ್ಟಿ ಮುಗಿಯುವಂಥದ್ದಲ್ಲ.

ಆದರೆ ಒಂದು ಮಾತು ತಿಳಿದಿರಲಿ. ನಮ್ಮದೇ ಅನಾದಿ ಕಾಲದ ಅಡುಗೆ ಎಂದು ನಾವು ಅಭಿಮಾನಪಡುವ ಇವುಗಳಲ್ಲಿರುವ ಕೆಂಪು ಮೆಣಸು ಈ ನೆಲದ್ದಲ್ಲ. ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಗೇರುಬೀಜ, ಅನಾನಸು, ಪಪ್ಪಾಯಿ ಹಣ್ಣುಗಳೂ ಹಾಗೆಯೇ. ಅದಕ್ಕಿಂತ ಮೊದಲು ಇಲ್ಲಿನ ಖಾರವೆಂದರೆ ಕಾಳುಮೆಣಸು, ಶುಂಠಿ. ಮನೆಗೆ ಬಂದ ಅತಿಥಿ ಐದು ನೂರು ವರ್ಷದಲ್ಲಿ ಮನೆಯವನೇ ಆದ. ಯಾರು ಮೂಲದವರು, ಯಾರು ಹೊರಗಿನವರು ಎಂದು ಜಗಳವಾಡುವವರು ಊಟಕ್ಕೆ ಕುಳಿತಾಗ ತಟ್ಟೆಯನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು!

ಸೆಪ್ಟೆಂಬರ್ 8ರ ಮೊಂತಿ ಹಬ್ಬವೂ ಇಂಥದೇ. ಮರಿಯಮ್ಮನವರ ಜನ್ಮದಿನದಂದು ಮಕ್ಕಳು ಹೂವು ಅರ್ಪಿಸುತ್ತಾರೆ, ಹೊಸ ತೆನೆ ಆಶೀರ್ವದಿಸಿ ಮನೆಗೆ ತಂದು ಪಾಯಸದಲ್ಲಿ ಹಾಕುತ್ತಾರೆ, ಊಟ ಸಸ್ಯಾಹಾರ. ಅದೇ ಹೊತ್ತಿಗೆ ನೆರೆಮನೆಯ ತುಳುವರು ಕುರಲ್ ಕಟ್ಟುವ ತೆನೆಹಬ್ಬ ಆಚರಿಸುತ್ತಾರೆ. ಗದ್ದೆ ಒಂದೇ ಆಗಿದ್ದಾಗ ಹಬ್ಬಗಳು ಹತ್ತಿರವಾಗಿರುವುದು ಸಹಜ.

ಯಾವಾಗ ಹೊರಡಬೇಕು?

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಯಕ್ಷಗಾನ ಮೇಳಗಳು ನವೆಂಬರ್‌ನಿಂದ ಮೇ ತಿಂಗಳ ಪತ್ತನಾಜೆಯವರೆಗೆ ತಿರುಗಾಟದಲ್ಲಿರುತ್ತವೆ. ಕಂಬಳದ ಋತುವೂ ಚಳಿಗಾಲದಲ್ಲಿಯೇ ಆರಂಭ. ಕೋಣಗಳ ಹಿಂಸೆಯ ಪ್ರಶ್ನೆ ನ್ಯಾಯಾಲಯಕ್ಕೆ ಹೋಗಿ, 2017ರ ತಿದ್ದುಪಡಿಯ ನಂತರ, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕಂಬಳಕ್ಕೆ ಅವಕಾಶ ನೀಡಿದ ಕಾನೂನನ್ನು ಎತ್ತಿಹಿಡಿದಿದೆ. ಮಳೆಗಾಲದಲ್ಲಿ ಹಸಿರು ಚೆಂದ, ಆದರೆ ದ್ವೀಪದ ಬೋಟುಗಳು ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ. ಆಗ ಹೋಟೆಲಿನಲ್ಲಿ ತಾಜಾ ಅಂಜಲ್ ಬೇಕೆಂದು ಹಟ ಹಿಡಿಯಬೇಡಿ. ನಾಡದೋಣಿಯವರು ತಂದ ಮೀನು, ನದಿಮೀನು ಸಿಕ್ಕರೆ ಅದೇ ಭಾಗ್ಯ.

ಅತಿಥಿಗಳಾಗಿ ನಡೆಯೋಣ

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಯುವಜನರ ತಂಡವೊಂದನ್ನು ಬಸದಿಯೊಂದಕ್ಕೆ ಕರೆದುಕೊಂಡು ಹೋಗಿದ್ದೆವು. ಬಸ್ಸಿನ ಹಾಡಿನ ಗಲಾಟೆಯಲ್ಲಿಯೇ ಇಳಿದ ಹುಡುಗರು ಚಪ್ಪಲಿ ಹಾಕಿಕೊಂಡೇ ಬಾಗಿಲ ತನಕ ಹೋದರು. ಅಲ್ಲಿದ್ದ ವೃದ್ಧರು ಒಂದು ಮಾತೂ ಆಡಲಿಲ್ಲ. ಹುಡುಗರು ಗಡಿಬಿಡಿಯಲ್ಲಿ ಕಳಚಿ ಬಿಟ್ಟ ಚಪ್ಪಲಿಗಳನ್ನು ತಾವೇ ಬಗ್ಗಿ ಎತ್ತಿ ಸಾಲಾಗಿ ಬದಿಗಿಟ್ಟು, "ಬನ್ನಿ, ಒಳಗೆ ಬನ್ನಿ" ಎಂದರು. ಬಯ್ದಿದ್ದರೆ ನಾವು ಎಂದೋ ಮರೆತುಬಿಡುತ್ತಿದ್ದೆವು. ತಪ್ಪು ಹುಡುಗರದ್ದಲ್ಲ, ಮೊದಲೇ ಹೇಳಿಕೊಡದ ನಮ್ಮದು.

ಆದುದರಿಂದ ಬಸ್ಸಿನಿಂದ ಇಳಿಯುವ ಮೊದಲೇ ಈ ಮಾತುಗಳನ್ನು ತಿಳಿಸಿಬಿಡಿ. ದೇವಸ್ಥಾನ, ಬಸದಿ, ಮಸೀದಿಗಳಿಗೆ ಮೈಮುಚ್ಚುವ ಉಡುಪು ಧರಿಸಿ. ಮಸೀದಿಗೆ ಹೋಗುವುದಾದರೆ ಜಮಾತಿನವರಿಗೆ ಮೊದಲೇ ತಿಳಿಸಿ, ನಮಾಜಿನ ಹೊತ್ತು ಬಿಟ್ಟು ಹೋಗಿ. ಫೋಟೊ ತೆಗೆಯುವ ಮುನ್ನ ಕೇಳಿ. ಭೂತಕೋಲ ಪ್ರದರ್ಶನವಲ್ಲ, ಅದು ಆ ಕುಟುಂಬದ ನಂಬಿಕೆ. ಆಮಂತ್ರಣವಿದ್ದರೆ ಹೋಗಿ ಗೌರವದಿಂದ ನಿಲ್ಲಿ, ಅನುಕರಿಸಿ ನಗಬೇಡಿ. ಗೈಡ್‌ಗೆ ಕೊಡುವ ಹಣದಲ್ಲಿ, ಹೂವಿನವಳ ಹತ್ತಿರ ಚೌಕಾಸಿಯಲ್ಲಿ ಕೈ ಬಿಗಿ ಮಾಡಬೇಡಿ.

ಇಷ್ಟೆಲ್ಲ ಬರೆಯಲು ಕಾರಣವೂ ಇದೆ. ಕಳೆದ ಕೆಲವು ದಶಕಗಳಲ್ಲಿ ನಮ್ಮ ಕರಾವಳಿಯ ಹೆಸರು ಮತೀಯ ಗಲಭೆಗಳ ಸುದ್ದಿಯಲ್ಲಿ ಮತ್ತೆ ಮತ್ತೆ ಬಂದಿದೆ. 2008ರ ಸೆಪ್ಟೆಂಬರಿನಲ್ಲಿ ನಮ್ಮ ಪ್ರಾರ್ಥನಾಲಯಗಳ ಮೇಲೆಯೇ ದಾಳಿ ನಡೆಯಿತು. ಹಿಂದೆ ಗದ್ದೆ, ಶಾಲೆ, ಸಂತೆ ನಮ್ಮನ್ನು ದಿನವೂ ಒಟ್ಟಿಗೆ ತರುತ್ತಿದ್ದವು. ಈಗ ಮಕ್ಕಳು ತಮ್ಮವರದೇ ಶಾಲೆ, ತಮ್ಮವರದೇ ಗುಂಪು, ತಮ್ಮದೇ ಮೊಬೈಲು ಎಂದು ಬೆಳೆಯುತ್ತಿದ್ದಾರೆ. ಪಕ್ಕದ ಮನೆಯವರ ದೇವರ ಕೋಣೆ ಹೇಗಿದೆ, ಅವರು ಹಬ್ಬಕ್ಕೆ ಏನು ಮಾಡುತ್ತಾರೆ ಎಂದು ತಿಳಿಯದ ಮಗುವಿಗೆ ಅವರ ಬಗ್ಗೆ ಯಾರು ಏನು ಹೇಳಿದರೂ ನಂಬಿಕೆ ಬರುತ್ತದೆ. ಒಮ್ಮೆ ಕಣ್ಣಾರೆ ನೋಡಿ, ಅವರ ಕೈಯ ಊಟ ಉಂಡವನಿಗೆ ಹಾಗೆ ನಂಬಿಸುವುದು ಸುಲಭವಲ್ಲ.

ಹಾಗಾಗಿ ಕೊನೆಯದಾಗಿ ಒಂದು ಸೂಚನೆ. ಹೋಗಿ ಬಂದ ಮೇಲೆ ಅವರನ್ನೂ ಕರೆಯಿರಿ. ಪಕ್ಕದ ಶಾಲೆಯ ಮಕ್ಕಳು, ಭಜನಾ ಮಂಡಳಿಯವರು, ಜಮಾತಿನ ಯುವಕರು ನಮ್ಮ ಇಗರ್ಜಿ ನೋಡಲು ಬರಲಿ. "ಇದು ಯಾವ ವರ್ಷದ್ದು? ಈ ಜಾಗ ಕೊಟ್ಟವರು ಯಾರು? ಆ ಚಿತ್ರದಲ್ಲಿರುವವರು ಯಾರು?" ಎಂದು ಅವರು ಕೇಳುತ್ತಾರೆ. ಉತ್ತರ ಹೇಳಲು ನಮ್ಮ ಮಕ್ಕಳಿಗೆ ಬರಬೇಕು. ಬಾರದಿದ್ದರೆ ಆ ಕೆಲಸವನ್ನು ಈ ಭಾನುವಾರದ ಕ್ಯಾಟೆಕಿಸಂ ತರಗತಿಯಲ್ಲಿಯೇ ಆರಂಭಿಸಬಹುದು. ಹೆಚ್ಚಿನ ಧರ್ಮಕೇಂದ್ರಗಳಲ್ಲಿ ಹಳೆಯ ದಾಖಲೆ ಪುಸ್ತಕಗಳೂ, ನೆನಪಿರುವ ಹಿರಿಯರೂ ಇನ್ನೂ ಇದ್ದಾರೆ.

ತುಳುನಾಡಿನ ಮನೆಗಳಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ರೂಢಿ. "ಬಲೆ, ಕುಲ್ಲುಲೆ" ಎಂದು ಕೂರಿಸಿ, ನೀರು ಕುಡಿಸಿ, ಆಮೇಲೆಯೇ ಯಾರು, ಎಲ್ಲಿಂದ ಎಂಬ ಪ್ರಶ್ನೆ. ಆ ಕ್ರಮವನ್ನು ಉಳಿಸಿಕೊಂಡರೆ ನೋಡಲು ಏನಿದೆ ಎಂದು ಕೇಳಿದ ಆ ಹುಡುಗಿಗೆ ಮುಂದಿನ ರಜೆಯಲ್ಲಿ ತೋರಿಸಲು ನಮ್ಮಲ್ಲಿ ಬೇಕಾದಷ್ಟಿದೆ.